ಅಲ್ಲಿಯ ಮುಂಗಾರು ಅಕ್ಟೋಬರಿನಲ್ಲಿ

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಹುಡುಗನಾಗಿದ್ದಾಗ ನಾನು ಬೈಬಲ್ ಓದುತ್ತಾ ಅದರ ಮಳೆಯನ್ನೆಲ್ಲ ಜೂನ್ ತಿಂಗಳಲ್ಲೇ ಸುರಿಸಿಬಿಟ್ಟಿದ್ದೆ. ತಪ್ಪು ಪೂರ್ತಿ ನನ್ನದೂ ಅಲ್ಲ. ಕನ್ನಡ ಬೈಬಲಿನಲ್ಲಿ ಧರ್ಮೋಪದೇಶಕಾಂಡದ 11ನೇ ಅಧ್ಯಾಯ ತೆಗೆಯಿರಿ. ಯೋವೇಲನ ಪುಸ್ತಕ ತೆಗೆಯಿರಿ. ಯಾಕೋಬನ ಪತ್ರ ತೆಗೆಯಿರಿ. ಎಲ್ಲ ಕಡೆ ‘ಮುಂಗಾರು ಹಿಂಗಾರು’ ಅಂತಲೇ ಇದೆ. ಮುಂಗಾರು ಅಂದ ಕೂಡಲೇ ನಮಗೇನು ನೆನಪಾಗುತ್ತೆ? ಕೇರಳಕ್ಕೆ ಮಳೆ ಮುಟ್ಟಿತಂತೆ ಅನ್ನುವ ಸುದ್ದಿ, ಬೀಜದ ಅಂಗಡಿ ಮುಂದಿನ ಸಾಲು, ರೋಹಿಣಿ, ಮೃಗಶಿರ, ಆರಿದ್ರಾ. ಅಬ್ರಹಾಮನೂ ಕೊಡೆ ಹಿಡಿದುಕೊಂಡೇ ಓಡಾಡುತ್ತಿದ್ದ ಅಂತ ನಾನು ಅಂದುಕೊಂಡಿದ್ದೆ.

ಬೈಬಲಿನ ಕಥೆಗಳು ನಡೆಯುವ ನಾಡಿನಲ್ಲಿ, ಅಂದರೆ ಈಗಿನ ಇಸ್ರೇಲ್, ಪ್ಯಾಲೆಸ್ಟೈನ್ ಕಡೆ, ಜೂನ್ ತಿಂಗಳಲ್ಲಿ ಮಳೆಯೇ ಇಲ್ಲ. ಜುಲೈ, ಆಗಸ್ಟ್‌ನಲ್ಲೂ ಇಲ್ಲ. ಮೇ ತಿಂಗಳಲ್ಲಿ ಒಣಗಿದ ಆಕಾಶ ಮತ್ತೆ ಕಪ್ಪಾಗುವುದು ಅಕ್ಟೋಬರ್ ಕಳೆಯುವ ಹೊತ್ತಿಗೆ. ನಮ್ಮಲ್ಲಿ ‘ಸ್ವಾತಿ ಮಳೆ, ಮುತ್ತಿನ ಬೆಳೆ’ ಅನ್ನುತ್ತೇವಲ್ಲ, ಹೆಚ್ಚೂಕಡಿಮೆ ಆ ಹೊತ್ತಿಗೆ ಅವರ ಮೊದಲ ಮಳೆ. ಹೀಬ್ರೂ ಭಾಷೆಯಲ್ಲಿ ಅದಕ್ಕೆ ‘ಯೋರೆ’ ಅಂತಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸುರಿಯುವ ದೊಡ್ಡ ಮಳೆ ‘ಗೆಶೆಮ್’. ಮಾರ್ಚ್, ಏಪ್ರಿಲ್‌ನಲ್ಲಿ ಬಂದು ಹೋಗುವ ಕೊನೆಯ ಮಳೆ ‘ಮಲ್ಕೋಷ್’. ಕನ್ನಡದ ‘ಮುಂಗಾರು’ ಅಂದರೆ ಅಲ್ಲಿ ಯೋರೆ. ‘ಹಿಂಗಾರು’ ಅಂದರೆ ಮಲ್ಕೋಷ್. ಅಂದರೆ ಅವರ ಮುಂಗಾರು ಬರುವುದು ನಮ್ಮ ಹಿಂಗಾರಿನ ಕಾಲಕ್ಕೆ. ಅವರ ಹಿಂಗಾರು ಬರುವುದು ನಮ್ಮ ಯುಗಾದಿಯ ಸುತ್ತಮುತ್ತ!

ಅನುವಾದ ಮಾಡಿದವರನ್ನು ನಾನು ಬೈಯುವುದಿಲ್ಲ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೇ ಪೂರ್ತಿ ಬೈಬಲ್ ಕನ್ನಡಕ್ಕೆ ಬಂದಿತ್ತು. ಅಲ್ಲಿಂದ ಈಚೆಗೆ ಎಷ್ಟೋ ಜನ ಅದನ್ನು ತಿದ್ದಿದ್ದಾರೆ. ಮೊದಲ ಮಳೆ, ಕೊನೆಯ ಮಳೆ ಅನ್ನುವುದಕ್ಕೆ ರೈತನ ಬಾಯಲ್ಲಿ ಇಷ್ಟು ಚೆಂದದ ಜೋಡಿ ಮಾತು ಇರುವಾಗ ಬಿಡೋದು ಹೇಗೆ? ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಆದರೆ ಓದುವ ನಾವು ಕ್ಯಾಲೆಂಡರ್ ತಿರುಗಿಸಿಕೊಳ್ಳಬೇಕು. ತಿರುಗಿಸಿಕೊಂಡರೆ ಎಷ್ಟೋ ಕಥೆಗಳು ಬೇರೆಯೇ ಆಗಿ ಕಾಣುತ್ತವೆ. ಇವತ್ತು ಅದನ್ನೇ ಮಾತಾಡೋಣ.

ಇನ್ನೊಂದು ಫರಕ್ಕೂ ಇದೆ. ನಮ್ಮ ಮುಂಗಾರಿಗೆ ಒಂದು ಬೆಳೆ, ಹಿಂಗಾರಿಗೆ ಇನ್ನೊಂದು. ಅಲ್ಲಿ ಎರಡೂ ಮಳೆ ಒಂದೇ ಬೆಳೆಗೆ. ಮೊದಲನೆಯದು ನೆಲ ಮೆತ್ತಗೆ ಮಾಡಿ ಬೀಜ ಮೊಳೆಯಿಸುತ್ತೆ. ಕೊನೆಯದು ತೆನೆಯಲ್ಲಿ ಕಾಳು ತುಂಬಿಸುತ್ತೆ. ಯಾಕೋಬ ತನ್ನ ಪತ್ರದಲ್ಲಿ, ರೈತ ಎರಡೂ ಮಳೆಗೆ ತಾಳ್ಮೆಯಿಂದ ಕಾಯುತ್ತಾನೆ ಅನ್ನುತ್ತಾನೆ. ಅದು ಒಂದು ದಿನ ಎರಡು ದಿನದ ತಾಳ್ಮೆಯಲ್ಲ. ಒಂದೇ ಹೊಲಕ್ಕೆ ಐದಾರು ತಿಂಗಳು ಕಾಯುವುದು.

ಈ ಮಳೆ ಬರುವುದೆಲ್ಲಿಂದ? ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರದಿಂದ. ಚಳಿಗಾಲದಲ್ಲಿ ಆ ಸಮುದ್ರದ ಮೇಲೆ ವಾಯುಭಾರ ಕುಸಿತಗಳು ಸಾಲುಸಾಲಾಗಿ ಪೂರ್ವಕ್ಕೆ ಹರಿದು ಬರುತ್ತವೆ. ಒಂದು ಬಂದು ಎರಡು ಮೂರು ದಿನ ಸುರಿಸುತ್ತೆ. ಆಮೇಲೆ ಬಿಸಿಲು. ಆಮೇಲೆ ಇನ್ನೊಂದು. ಎಲೀಯ ಪ್ರವಾದಿ ಕರ್ಮೇಲ್ ಬೆಟ್ಟದ ತುದಿಯಲ್ಲಿ ಕೂತು, ಹೋಗಿ ಸಮುದ್ರದ ಕಡೆ ನೋಡು ಅಂತ ಆಳನ್ನು ಏಳು ಸಲ ಕಳಿಸುತ್ತಾನಲ್ಲ, ಏಳನೇ ಸಲ ಅಂಗೈಯಷ್ಟು ಮೋಡ ಕಾಣುತ್ತಲ್ಲ, ಕರ್ಮೇಲ್ ಇರುವುದೇ ಸಮುದ್ರದ ಅಂಚಿನಲ್ಲಿ. ಮೋಡಕ್ಕೆ ಕಾಯಬೇಕಾದ ಜಾಗ ಅದೇ. ಲೂಕನ ಸುವಾರ್ತೆಯಲ್ಲಿ ಯೇಸು ಜನರಿಗೆ ಹೇಳುವುದೂ ಇದನ್ನೇ. ಪಶ್ಚಿಮದಲ್ಲಿ ಮೋಡ ಎದ್ದರೆ ಮಳೆ ಅಂತೀರಿ, ಮಳೆ ಬರುತ್ತೆ. ತೆಂಕಣ ಗಾಳಿ ಬೀಸಿದರೆ ಸೆಕೆ ಅಂತೀರಿ, ಸೆಕೆ ಆಗುತ್ತೆ. ಹವಾಮಾನ ಇಲಾಖೆ ಇಲ್ಲದ ಕಾಲದ ಮುನ್ಸೂಚನೆ ಅದು.

ಸಮುದ್ರದಿಂದ ಬಂದ ಮೋಡ ಯೂದಾಯದ ಬೆಟ್ಟ ಏರುತ್ತಾ ಮಳೆ ಸುರಿಸಿ ಹಗುರಾಗುತ್ತೆ. ಯೆರೂಸಲೇಮಿನಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಬೀಳುತ್ತೆ. ನಮ್ಮ ವಿಜಯಪುರದ ಕಡೆ ಬೀಳೋದೂ ಹೆಚ್ಚೂಕಡಿಮೆ ಇಷ್ಟೇ. ಅಲ್ಲಿಂದ ಪೂರ್ವಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 25 ಕಿಲೋಮೀಟರ್ ಹೋದರೆ ಮೃತ ಸಮುದ್ರ. ಸಮುದ್ರ ಮಟ್ಟಕ್ಕಿಂತ 430 ಮೀಟರ್ ಕೆಳಗೆ. ಅಲ್ಲಿ ಬೀಳುವ ಮಳೆ 100 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಒಂದು ಕಡೆ ದ್ರಾಕ್ಷಿ ತೋಟ, ಅರ್ಧ ದಿನ ನಡೆದರೆ ಮರುಭೂಮಿ. ದಾವೀದ ಅರಸ ಸೌಲನಿಗೆ ಹೆದರಿ ಮರುಭೂಮಿಗೆ ಓಡಿದ ಅಂದರೆ ಬಹಳ ದೂರ ಓಡಿದ ಅಂತಲ್ಲ. ಬೆಟ್ಟದ ಆಚೆ ಮಗ್ಗುಲಿಗೆ ಇಳಿದ, ಅಷ್ಟೇ.

ಈಜಿಪ್ಟಿನ ಕಥೆ ಬೇರೆ. ಧರ್ಮೋಪದೇಶಕಾಂಡದಲ್ಲಿ ಮೋಶೆ ಜನರಿಗೆ ಒಂದು ಮಾತು ಹೇಳುತ್ತಾನೆ. ನೀವು ಬಿಟ್ಟು ಬಂದ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಬೀಜ ಬಿತ್ತಿ, ಕಾಯಿಪಲ್ಲೆ ತೋಟಕ್ಕೆ ಕಟ್ಟುವ ಹಾಗೆ ಕಾಲಿಂದ ನೀರು ಕಟ್ಟುತ್ತಿದ್ದಿರಿ. ಈಗ ಹೋಗುವ ನಾಡು ಹಾಗಲ್ಲ, ಬೆಟ್ಟ ಕಣಿವೆಯ ನಾಡು, ಆಕಾಶದ ಮಳೆಯನ್ನೇ ಕುಡಿಯುವ ನಾಡು. ಕಾಲಿಂದ ನೀರು ಕಟ್ಟುವುದು ಅಂದರೆ ಏನು ಅಂತ ಪಂಡಿತರು ಚರ್ಚೆ ಮಾಡುತ್ತಾರೆ. ಗದ್ದೆಯಲ್ಲಿ ನೀರು ಹಾಯಿಸಿದವರಿಗೆ ಚರ್ಚೆ ಯಾಕೆ ಬೇಕು? ಮಡಿಯ ಬಾಯಿಗೆ ಕಾಲಲ್ಲೇ ಮಣ್ಣು ಸರಿಸಿ ಕಟ್ಟುವುದು, ಕಾಲಲ್ಲೇ ಒಡೆಯುವುದು. ನನಗಂತೂ ಹಾಗೇ ಕಾಣುತ್ತೆ.

ಈಜಿಪ್ಟಿನ ನೀರು ನೈಲ್ ನದಿಯದು. ನೈಲ್ ಉಕ್ಕುವುದು ಇಥಿಯೋಪಿಯದ ಬೆಟ್ಟಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆಯಿಂದ. ಅದು ನಮ್ಮ ಮುಂಗಾರಿನ ದಾಯಾದಿ. ಕಾನಾನಿನ, ಅಂದರೆ ಮೋಶೆ ಹೇಳಿದ ಆ ಬೆಟ್ಟ ಕಣಿವೆಯ ನಾಡಿನ, ಮಳೆ ಮೆಡಿಟರೇನಿಯನ್‌ನ ಚಳಿಗಾಲದ್ದು. ಎರಡಕ್ಕೂ ಬೇರೆ ಬೇರೆ ಬೇರು. ಒಂದು ಕೈಕೊಟ್ಟ ವರ್ಷ ಇನ್ನೊಂದು ಕೈಕೊಡಬೇಕು ಅಂತೇನಿಲ್ಲ. ಅದಕ್ಕೇ ಕಾನಾನಿನಲ್ಲಿ ಬರ ಬಿದ್ದಾಗಲೆಲ್ಲ ಜನ ಗಂಟು ಕಟ್ಟಿಕೊಂಡು ಈಜಿಪ್ಟಿಗೆ ಹೊರಟದ್ದು. ಅಬ್ರಹಾಮ ಹೋದ. ಅವನ ಮೊಮ್ಮಗ ಯಾಕೋಬನ (ಪತ್ರ ಬರೆದ ಯಾಕೋಬ ಬೇರೆ) ಮಕ್ಕಳು ಕಾಳಿಗಾಗಿ ಕತ್ತೆ ಹೊಡೆದುಕೊಂಡು ಹೋದರು. ಯೋಸೇಫನ ಕಥೆಯ ಏಳು ವರ್ಷದ ಬರ ಯಾಕಷ್ಟು ಭಯಂಕರ? ಯಾಕೆಂದರೆ ಆ ಸಲ ಎರಡೂ ಕಡೆ ಬರ. ಓಡಿಹೋಗುವ ಊರಿನಲ್ಲೇ ಬರ.

ಈಗ ಒಂದು ಕಲ್ಲಿನ ಕಥೆ ಹೇಳಬೇಕು. 1908ರಲ್ಲಿ ಮ್ಯಾಕಲಿಸ್ಟರ್ ಅನ್ನುವ ಐರಿಷ್ ಪುರಾತತ್ವಜ್ಞ ಗೆಜೆರ್ ಎಂಬಲ್ಲಿ ಅಗೆಯುತ್ತಿದ್ದ. ಯೆರೂಸಲೇಮಿನಿಂದ ಪಶ್ಚಿಮಕ್ಕೆ, ಬೆಟ್ಟ ಇಳಿದು ಬಯಲು ಶುರುವಾಗುವ ಕಡೆ ಇರುವ ಹಳೇ ಊರು ಅದು. ಅಲ್ಲಿ ಅಂಗೈಯಗಲದ ಒಂದು ಸುಣ್ಣಕಲ್ಲಿನ ಹಲಗೆ ಸಿಕ್ಕಿತು. ಕ್ರಿಸ್ತಪೂರ್ವ 10ನೇ ಶತಮಾನದ್ದು, ಅಂದರೆ ಸೊಲೊಮೋನನ ಕಾಲದ ಸುತ್ತಮುತ್ತಲಿನದು. ಅದರ ಮೇಲೆ ಏಳು ಸಾಲು. ದೊರೆಯ ಹೆಸರಿಲ್ಲ, ಯುದ್ಧದ ಸುದ್ದಿ ಇಲ್ಲ. ಬರೀ ಬೇಸಾಯ. ಎರಡು ತಿಂಗಳು ಕೂಡಿಡುವುದು. ಎರಡು ತಿಂಗಳು ಬಿತ್ತನೆ. ಎರಡು ತಿಂಗಳು ತಡ ಬಿತ್ತನೆ. ಒಂದು ತಿಂಗಳು ಅಗಸೆನಾರು ಕೀಳುವುದು. ಒಂದು ತಿಂಗಳು ಜವೆಗೋಧಿ ಕೊಯ್ಲು. ಒಂದು ತಿಂಗಳು ಕೊಯ್ಲು, ಅಳತೆ. ಎರಡು ತಿಂಗಳು ದ್ರಾಕ್ಷಿ ಬಳ್ಳಿ. ಒಂದು ತಿಂಗಳು ಬೇಸಿಗೆ ಹಣ್ಣು. ಕೂಡಿ ನೋಡಿ, 12 ಆಗುತ್ತೆ.

ಯಾವನೋ ಹುಡುಗ ಅಕ್ಷರ ಕಲಿಯಲು ಬರೆದದ್ದು ಇರಬೇಕು ಅನ್ನುವುದು ಹಲವರ ಊಹೆ. ನಮ್ಮ ಮಕ್ಕಳು ಚೈತ್ರ ವೈಶಾಖ ಬಾಯಿಪಾಠ ಮಾಡುತ್ತಿದ್ದ ಹಾಗೆ. ಕಲ್ಲು ಈಗ ಇಸ್ತಾನ್‌ಬುಲ್‌ನ ಮ್ಯೂಸಿಯಮ್‌ನಲ್ಲಿದೆ, ಆಗ ಆ ನಾಡು ಆಟೊಮನ್ ತುರ್ಕರ ಕೈಯಲ್ಲಿ ಇತ್ತಲ್ಲ. ಗಮನಿಸಿ, ವರ್ಷ ಶುರುವಾಗುವುದು ಕೂಡಿಡುವುದರಿಂದ. ಅಂದರೆ ಸೆಪ್ಟೆಂಬರ್, ಅಕ್ಟೋಬರ್, ಆಲಿವ್ ಕಾಯಿ ಬಡಿದು ಇಳಿಸಿ ಎಣ್ಣೆ ತೆಗೆಯುವ ಹೊತ್ತು. ನಾವೂ ಈ ಹುಡುಗನ ಹಿಂದೆಯೇ ಹೋಗೋಣ.

ಅಕ್ಟೋಬರ್. ಐದು ತಿಂಗಳಿಂದ ಮಳೆ ಇಲ್ಲ. ನೆಲ ಹೆಂಚಿನ ಹಾಗೆ ಗಟ್ಟಿ. ಮಳೆ ಬೀಳದೆ ನೇಗಿಲು ಇಳಿಯುವುದಿಲ್ಲ. ಎಲ್ಲರ ಕಣ್ಣು ಪಶ್ಚಿಮಕ್ಕೆ. ಯೋರೆ ಅನ್ನುವ ಪದಕ್ಕೆ ಕಲಿಸುವುದು ಅನ್ನುವ ಪದದ ಜೊತೆ ನಂಟು ಕಟ್ಟಿ ಯೆಹೂದಿ ಗುರುಗಳು ಒಂದು ಚಂದದ ಮಾತು ಹೇಳಿದ್ದಾರೆ. ಮಾಳಿಗೆಗೆ ಮಣ್ಣು ಮೆತ್ತಿಕೋ, ಹೊರಗಿರುವ ಹಣ್ಣು ಒಳಗೆ ತಗೋ ಅಂತ ಜನರಿಗೆ ಕಲಿಸುವ ಮಳೆ ಅದಂತೆ. ಅವರದ್ದು ಮಣ್ಣಿನ ಮಾಳಿಗೆ. ಉತ್ತರ ಕರ್ನಾಟಕದ ಮೇಲ್ಮುದ್ದೆ ಮನೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ತೊಲೆ, ಮೇಲೆ ಕಡ್ಡಿ, ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಬಿರುಕು ಮುಚ್ಚದಿದ್ದರೆ ರಾತ್ರಿಯೆಲ್ಲ ಸೋರುತ್ತೆ. ಜ್ಞಾನೋಕ್ತಿಗಳಲ್ಲಿ, ಮಳೆ ದಿನದ ತಟತಟ ಸೋರುವಿಕೆಗೂ ಜಗಳಗಂಟಿ ಹೆಂಡತಿಗೂ ಸಮ ಅಂತ ಒಂದು ಮಾತಿದೆ. ಬರೆದವನ ಮಾಳಿಗೆ ಸೋರುತ್ತಿತ್ತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಹೆಂಡತಿ ವಿಚಾರ ಅವಳನ್ನೂ ಕೇಳಿ ತೀರ್ಮಾನ ಮಾಡಬೇಕು.

ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಮಾಳಿಗೆ ತೋಡಿ ಯೇಸುವಿನ ಮುಂದೆ ಇಳಿಸಿದ ಕಥೆ ಮಾರ್ಕನಲ್ಲಿದೆ. ಹೆಂಚು, ಕಾಂಕ್ರೀಟು ಅಂದುಕೊಂಡರೆ ಅದು ಪವಾಡದ ಮೇಲೊಂದು ಪವಾಡ. ಮಣ್ಣಿನ ಮಾಳಿಗೆ ಅಂದುಕೊಂಡರೆ ಒಂದು ಗುದ್ದಲಿ ಸಾಕು.

ಮಳೆ ಬೇಕು, ಆದರೆ ಯಾವಾಗಿಂದ ಬೇಡಬೇಕು ಅನ್ನುವುದಕ್ಕೂ ಲೆಕ್ಕ ಇತ್ತು. ಶರತ್ಕಾಲದಲ್ಲಿ ಪರ್ಣಶಾಲೆಗಳ ಹಬ್ಬ. ದೂರದೂರದಿಂದ ಜನ ಯೆರೂಸಲೇಮಿಗೆ ಬಂದಿರುತ್ತಾರೆ. ಹಬ್ಬ ಮುಗಿದ ಕೂಡಲೇ ಮಳೆ ಕೊಡು ಅಂತ ಪ್ರಾರ್ಥನೆ ಮಾಡಿದರೆ ಹಿಂದಿರುಗುವವರು ದಾರಿಯಲ್ಲಿ ನೆನೆಯಬೇಕಲ್ಲ! ಅದಕ್ಕೆ ಹಬ್ಬ ಕಳೆದು 15 ದಿನ ಬಿಟ್ಟು, ಮರ್ಹೆಷ್ವಾನ್ ತಿಂಗಳ 7ನೇ ದಿನದಿಂದ ಕೇಳಬೇಕು ಅಂತ ಯೆಹೂದಿ ಗುರುಗಳ ಕಟ್ಟಳೆಗಳ ಗ್ರಂಥವಾದ ಮಿಷ್ನಾದಲ್ಲಿ ಬರೆದಿಟ್ಟರು. ಕಾರಣವನ್ನೂ ಅಲ್ಲೇ ಹೇಳಿದ್ದಾರೆ. ಕಟ್ಟಕಡೆಯ ಯಾತ್ರಿಕ ಯೂಫ್ರೆಟಿಸ್ ನದಿ ಮುಟ್ಟಲಿ ಅಂತ. ಹೊಲ ಒಣಗುತ್ತಿರುವಾಗ ಯಾರೋ ಪರಊರಿನವನ ಪ್ರಯಾಣಕ್ಕಾಗಿ 15 ದಿನ ಬಾಯಿ ಕಟ್ಟಿಕೊಂಡಿರುವುದು. ನನಗೆ ಬಹಳ ಇಷ್ಟವಾದ ನಿಯಮ ಇದು.

ಮಳೆ ಬಿತ್ತು. ಇನ್ನು ಉಳುಮೆ. ಮರದ ನೇಗಿಲು, ಕಬ್ಬಿಣದ ಕುಳ, ಜೋಡೆತ್ತು, ಕೈಯಲ್ಲಿ ಮುಳ್ಳುಗೋಲು. ಕುಳ ಮೊಂಡಾದರೆ? ಸಮುವೇಲನ ಮೊದಲ ಪುಸ್ತಕದ 13ನೇ ಅಧ್ಯಾಯದಲ್ಲಿ ಒಂದು ಗೋಳಿದೆ. ಇಸ್ರಾಯೇಲ್ಯರಲ್ಲಿ ಕಮ್ಮಾರರಿರಲಿಲ್ಲ. ಕುಳ, ಕೊಡಲಿ ಹರಿತ ಮಾಡಿಸಲು ಶತ್ರುಗಳಾದ ಫಿಲಿಷ್ಟಿಯರ ಹತ್ತಿರ ಹೋಗಬೇಕಿತ್ತು. ಕೂಲಿ ಒಂದು ‘ಪಿಮ್’. ಈ ಪದ ಬೈಬಲಿನಲ್ಲಿ ಬೇರೆಲ್ಲೂ ಇಲ್ಲ. ಅರ್ಥ ಗೊತ್ತಾಗದೆ ಹಳೆಯ ಇಂಗ್ಲಿಷ್ ಅನುವಾದದವರು ಅದನ್ನು ಉಜ್ಜುವ ಅರ ಅಂತ ಬರೆದರು. ಆಮೇಲೆ ಉತ್ಖನನಗಳಲ್ಲಿ ಸಣ್ಣ ಗುಂಡುಕಲ್ಲಿನ ತೂಕಗಳು ಸಿಕ್ಕವು. ಮೇಲೆ ‘ಪಿಮ್’ ಅಂತ ಕೊರೆದಿತ್ತು. ತೂಕ 8 ಗ್ರಾಂ ಹತ್ತಿರ. ಅಂದರೆ ಕುಳ ಹರಿತ ಮಾಡುವುದಕ್ಕೆ ಅಷ್ಟು ತೂಕದ ಬೆಳ್ಳಿ. ಬಿತ್ತನೆ ಹೊತ್ತಿನಲ್ಲಿ ರೈತನ ಕುತ್ತಿಗೆ ಹಿಸುಕುವವರು ಎಲ್ಲ ಕಾಲದಲ್ಲೂ ಇದ್ದರು ಅನ್ನಿ.

ಬಿತ್ತನೆ ಹೊತ್ತೇ ಹೊಟ್ಟೆಗೆ ಕಷ್ಟದ ಹೊತ್ತು. ಹಿಂದಿನ ಬೆಳೆ ಬಂದು ಆರು ತಿಂಗಳಾಗಿದೆ. ಮುಂದಿನದಕ್ಕೆ ಇನ್ನೂ ಐದಾರು ತಿಂಗಳು. ವಾಡೆಯಲ್ಲಿ ಉಳಿದ ಕಾಳನ್ನು ಬೀಸಿ ರೊಟ್ಟಿ ಮಾಡಬಹುದು, ಅಥವಾ ಮಣ್ಣಿಗೆ ಎಸೆಯಬಹುದು. 126ನೇ ಕೀರ್ತನೆಯಲ್ಲಿ ಅಳುತ್ತಾ ಬಿತ್ತುವವರು ಹಾಡುತ್ತಾ ಕೊಯ್ಯುವರು ಅಂತ ಬರುತ್ತೆ. ಬಿತ್ತುವಾಗ ಅಳು ಯಾಕೆ ಅಂತ ನನಗೆ ಹುಡುಗನಾಗಿದ್ದಾಗ ತಿಳಿದಿರಲಿಲ್ಲ. ಬಿತ್ತನೆ ಬೀಜದ ಗಡಿಗೆಗೆ ಕೈ ಹಾಕಲು ಬಿಡದೆ ಬೈಯುತ್ತಿದ್ದ ನಮ್ಮಜ್ಜಿ ನೆನಪಾದ ಮೇಲೆ ತಿಳಿಯಿತು.

ಡಿಸೆಂಬರ್, ಜನವರಿ. ಚಳಿ, ಗಾಳಿ, ಮಳೆ. ಯೆರೂಸಲೇಮಿನಲ್ಲಿ ಕೆಲವು ವರ್ಷ ಹಿಮವೂ ಬೀಳುತ್ತೆ. 2013ರ ಡಿಸೆಂಬರಿನಲ್ಲಿ ಊರೇ ನಿಂತುಹೋಗುವಷ್ಟು ಬಿದ್ದಿತ್ತು. ದಾವೀದನ ಭಟ ಬೆನಾಯ ಹಿಮ ಬಿದ್ದ ದಿನ ಗುಂಡಿಗಿಳಿದು ಸಿಂಹ ಕೊಂದ ಅಂತ ಬೈಬಲ್ ಹೇಳುತ್ತೆ. ಸಿಂಹ ಕೊಂದದ್ದು ದೊಡ್ಡದೋ, ಹಿಮ ಬಿದ್ದದ್ದು ದೊಡ್ಡದೋ, ಅಂತೂ ಎರಡನ್ನೂ ನೆನಪಿಟ್ಟು ಬರೆದಿದ್ದಾರೆ.

ಈ ಮೂರು ತಿಂಗಳ ನೀರನ್ನು ಇಡೀ ವರ್ಷಕ್ಕೆ ಹಿಡಿದಿಡಬೇಕು. ದೊಡ್ಡ ನದಿ ಅಂತ ಇರುವುದು ಯೊರ್ದನ್ ಒಂದೇ. ಅದೂ ಆಳದ ಕಣಿವೆಯಲ್ಲಿ, ಬೆಟ್ಟದ ಹೊಲಕ್ಕೆ ಎಟುಕದು. ಅದಕ್ಕೆ ಮನೆಮನೆಗೂ ಬಂಡೆ ಕೊರೆದು ತೊಟ್ಟಿ ಮಾಡಿದರು. ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು, ಸುಣ್ಣದ ಗಾರೆ. ಗಾರೆ ಬಿರುಕು ಬಿಟ್ಟರೆ ಮುಗಿಯಿತು. ಜೀವಜಲದ ಬುಗ್ಗೆ ಬಿಟ್ಟು ನೀರು ನಿಲ್ಲದ ಒಡಕು ತೊಟ್ಟಿ ತೋಡಿಕೊಂಡರಲ್ಲ ಅಂತ ಯೆರೆಮೀಯ ಬೈಯುವಾಗ ಕೇಳುವವರಿಗೆ ಚುರುಕ್ ಅಂದಿರಬೇಕು. ಆಮೇಲೆ ಅವನನ್ನೇ ಒಂದು ತೊಟ್ಟಿಗೆ ಇಳಿಸಿದರು. ನೀರಿರಲಿಲ್ಲ, ಕೆಸರಿತ್ತು, ಯೆರೆಮೀಯ ಹೂತುಹೋದ ಅಂತ ಇದೆ. ಬೇಸಿಗೆಯಲ್ಲಿ ತೊಟ್ಟಿಯ ತಳದಲ್ಲಿ ಉಳಿಯುವುದು ಕೆಸರೇ.

ದಕ್ಷಿಣದ ನೆಗೆವ್‌ನಲ್ಲಿ ಇನ್ನೂ ಕಷ್ಟ. ಬೇರ್ಷೆಬದಲ್ಲಿ 200 ಮಿಲಿಮೀಟರ್ ಸುತ್ತಮುತ್ತ, ಇನ್ನೂ ಕೆಳಗೆ ಅವ್ದಾತ್‌ನಲ್ಲಿ 100ರ ಹತ್ತಿರ. ಅಲ್ಲೂ ನಬಾತಿಯರು ಅನ್ನುವ ಮರುಭೂಮಿಯ ಜನ, ಆಮೇಲೆ ಬೈಜಾಂಟಿನ್ ಕಾಲದವರು ಬೆಳೆ ತೆಗೆದಿದ್ದಾರೆ. ಹೇಗೆ? ಅಲ್ಲಿಯ ಮಣ್ಣಿನ ಮೇಲೆ ಮಳೆ ಬಿದ್ದ ಕೂಡಲೇ ಮೇಲ್ಪದರ ಹೆಪ್ಪುಗಟ್ಟಿದ ಹಾಗಾಗಿ ನೀರು ಇಂಗದೆ ಜಾರುತ್ತೆ. ಆ ಜಾರುವ ನೀರನ್ನು ಗುಡ್ಡದ ಇಳಿಜಾರಿನಿಂದ ಸಣ್ಣ ಕಲ್ಲುಕಾಲುವೆಗಳಲ್ಲಿ ತಂದು ಕೆಳಗಿನ ಒಡ್ಡು ಕಟ್ಟಿದ ಹೊಲಕ್ಕೆ ಬಿಟ್ಟರು. ಒಂದು ಎಕರೆ ಹೊಲಕ್ಕೆ 20ರಿಂದ 30 ಎಕರೆ ಗುಡ್ಡದ ನೀರು. ಇದು ನಿಜವಾಗಿ ಆಗುತ್ತಾ ಅಂತ ನೋಡಲು 1950ರ ದಶಕದ ಕೊನೆಯಲ್ಲಿ ಸಸ್ಯವಿಜ್ಞಾನಿ ಮೈಕೆಲ್ ಎವೆನಾರಿ ಅವ್ದಾತ್‌ನ ಒಂದು ಹಳೇ ಹೊಲವನ್ನೇ ರಿಪೇರಿ ಮಾಡಿ ಬಿತ್ತಿದರು. ಬೆಳೆಯಿತು. ಇದೇ ನೆಗೆವ್‌ನ ಹಳ್ಳಗಳು ವರ್ಷವಿಡೀ ಒಣಗಿದ್ದು ಒಂದು ಮಳೆಗೆ ಹುಚ್ಚೆದ್ದು ಹರಿಯುತ್ತವೆ. ಆಗ ಹೇಳಿದ ಬಿತ್ತನೆಯ ಕೀರ್ತನೆಯಲ್ಲಿ, ನೆಗೆವ್‌ನ ಹಳ್ಳ ತುಂಬುವಂತೆ ನಮ್ಮ ಸ್ಥಿತಿ ತಿರುಗಿಸು ಅನ್ನುವ ಬೇಡಿಕೆ ಸುಮ್ನೆ ಬಂದದ್ದಲ್ಲ.

ಮಳೆ ಬರದಿದ್ದರೆ ಮಾಡುವುದೇನು? ನಮ್ಮಲ್ಲಿ ಕಪ್ಪೆಗೆ ಮದುವೆ ಮಾಡುತ್ತೇವೆ. ಅವರಲ್ಲಿ ಹೋನಿ ಅನ್ನುವವನಿದ್ದ, ಕ್ರಿಸ್ತಪೂರ್ವ 1ನೇ ಶತಮಾನದವನು. ಮಳೆಗೆ ಪ್ರಾರ್ಥಿಸು ಅಂದಾಗ, ವಸಂತದ ಪಸ್ಕ ಹಬ್ಬಕ್ಕೆ ಮಾಡಿಟ್ಟ ಮಣ್ಣಿನ ಒಲೆಗಳನ್ನೆಲ್ಲ ಒಳಗಿಡಿ, ಕರಗಿಹೋದಾವು ಅಂತ ಮೊದಲೇ ಎಚ್ಚರಿಸಿದನಂತೆ. ಅಷ್ಟು ಧೈರ್ಯ! ಪ್ರಾರ್ಥಿಸಿದ, ಮಳೆ ಬರಲಿಲ್ಲ. ನೆಲದ ಮೇಲೆ ಒಂದು ಗೆರೆ ಸುತ್ತು ಬರೆದು ಒಳಗೆ ನಿಂತು, ಮಳೆ ಬರುವ ತನಕ ಕದಲಲ್ಲ ಅಂದ. ತುಂತುರು ಬಿತ್ತು. ಇದಲ್ಲ ನಾನು ಕೇಳಿದ್ದು, ತೊಟ್ಟಿ ತುಂಬುವ ಮಳೆ ಅಂದ. ರಭಸದಿಂದ ಹೊಡೆಯಿತು. ಇದೂ ಅಲ್ಲ, ಹದವಾದ ಮಳೆ ಅಂದ. ಹದವಾಗಿ ಬಿತ್ತು, ಆದರೆ ನಿಲ್ಲಲಿಲ್ಲ. ಕೊನೆಗೆ ಜನ ದೇವಾಲಯದ ಗುಡ್ಡ ಹತ್ತಿ ನಿಂತು, ಈಗ ನಿಲ್ಲಿಸು ಮಾರಾಯ ಅಂತ ಅವನನ್ನೇ ಕೇಳಬೇಕಾಯಿತು. ರೈತನಿಗೆ ಬೇಕಾದ್ದು ಮಳೆಯಲ್ಲ, ಹದ. ಹೋನಿಗೆ ಅದು ಗೊತ್ತಿತ್ತು.

ಮಾರ್ಚ್, ಏಪ್ರಿಲ್. ಈಗ ಗಲಿಲಾಯವನ್ನು ನೋಡಬೇಕು. ಗುಡ್ಡವೆಲ್ಲ ಹಸಿರು, ನಡುನಡುವೆ ಕೆಂಪು ಹೂವು. ಐದು ಸಾವಿರ ಜನಕ್ಕೆ ಊಟ ಹಾಕಿದ ಕಥೆಯಲ್ಲಿ ಯೇಸು ಜನರನ್ನು ‘ಹಸುರು’ ಹುಲ್ಲಿನ ಮೇಲೆ ಕೂರಿಸಿದ ಅಂತ ಮಾರ್ಕ ಬರೆಯುತ್ತಾನೆ. ಹುಲ್ಲು ಹಸುರು ಇರೋದು ಏನು ವಿಶೇಷ ಅಂತ ನಾವು ಮುಂದೆ ಹೋಗುತ್ತೇವೆ. ಆದರೆ ವರ್ಷದ ಅರ್ಧ ಭಾಗ ಅಲ್ಲಿ ಹುಲ್ಲು ಹಸುರಿರುವುದಿಲ್ಲ, ಒಣಗಿ ಕಂದಾಗಿರುತ್ತೆ. ಆಗ ಪಸ್ಕ ಹಬ್ಬ ಹತ್ತಿರವಿತ್ತು ಅಂತ ಯೋಹಾನ ಬರೆಯುತ್ತಾನೆ. ಆ ಊಟಕ್ಕೆ ರೊಟ್ಟಿ ಒದಗಿಸಿದ ಹುಡುಗನ ಹತ್ತಿರ ಇದ್ದದ್ದು ಜವೆಗೋಧಿ ರೊಟ್ಟಿ ಅಂತಲೂ ಅವನೇ ಬರೆಯುತ್ತಾನೆ. ಜವೆಗೋಧಿ ಬಡವರ ಕಾಳು, ಪಸ್ಕದ ಹೊತ್ತಿಗೆ ಮೊದಲು ಕೈಗೆ ಬರುವ ಕಾಳು. ಇಬ್ಬರು ಬೇರೆ ಬೇರೆ ಬರೆದದ್ದನ್ನು ಪಕ್ಕಪಕ್ಕ ಇಟ್ಟರೆ ತಿಂಗಳು ತಾನಾಗಿ ಕಾಣುತ್ತೆ.

ಆ ಹಸಿರು ಎಷ್ಟು ದಿನ? ವಸಂತದಲ್ಲಿ ಮರುಭೂಮಿ ಕಡೆಯಿಂದ ಒಂದು ಬಿಸಿ ಗಾಳಿ ಎದ್ದೇಳುತ್ತೆ. ಅರಬ್ಬಿಯಲ್ಲಿ ಅದರ ಹೆಸರು ಖಮ್ಸೀನ್, ಅಂದರೆ ಐವತ್ತು. ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗುತ್ತೆ. ಒಂದೆರಡು ದಿನದಲ್ಲಿ ಹೂವು ಕಪ್ಪಾಗುತ್ತೆ. ಹುಲ್ಲು ಒಣಗುತ್ತೆ, ಹೂವು ಬಾಡುತ್ತೆ ಅಂತ ಯೆಶಾಯ ಅಂದದ್ದು ನಿಧಾನವಾಗಿ ಬಾಡುವ ಹೂವಿನ ಬಗ್ಗೆ ಅಲ್ಲ. ಬೆಳಿಗ್ಗೆ ಇದ್ದು ಸಂಜೆಗೆ ಇಲ್ಲದ ಹೂವಿನ ಬಗ್ಗೆ.

ಜವೆಗೋಧಿ ಕೊಯ್ಲಿನ ಜೊತೆ ಪಸ್ಕ ಬರಬೇಕು. ಆದರೆ ಅವರ ತಿಂಗಳು ಚಂದ್ರನದು, ಬೆಳೆ ಸೂರ್ಯನದು. ವರ್ಷಕ್ಕೆ 11 ದಿನ ಜಾರಿಹೋಗುತ್ತೆ. ಏನು ಮಾಡಿದರು ಗೊತ್ತಾ? ನಮ್ಮ ಹಾಗೇ ಅಧಿಕ ಮಾಸ ಹಾಕಿದರು. 19 ವರ್ಷಕ್ಕೆ ಏಳು ಸಲ. ಹಳೆಯ ಕಾಲದಲ್ಲಿ ಹೊಲಕ್ಕೆ ಹೋಗಿ ತೆನೆ ಬಲಿತಿದೆಯಾ ಅಂತ ನೋಡಿಯೂ ತೀರ್ಮಾನಿಸುತ್ತಿದ್ದರು.

ರೂತಳ ಕಥೆ ನಡೆಯುವುದು ಈ ಕೊಯ್ಲಿನಲ್ಲೇ. ಅತ್ತೆ ಸೊಸೆ ಇಬ್ಬರೂ ಬೇತ್ಲೆಹೇಮಿಗೆ ಬರುವುದು ಜವೆಗೋಧಿ ಕೊಯ್ಲು ಶುರುವಾದಾಗ. ಬೇತ್ಲೆಹೇಮ್ ಅಂದರೆ ರೊಟ್ಟಿಮನೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ನೋಡಿ, ‘ಹಕ್ಕಲು’ ಅನ್ನುವ ಪದ ನಮ್ಮಲ್ಲಿ ಎಷ್ಟು ಸಲೀಸಾಗಿ ಕೂತುಬಿಡುತ್ತೆ. ಕೊಯ್ದವರ ಕೈಯಿಂದ ಉದುರಿದ ತೆನೆ ಬಡವರದು, ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು ಅನ್ನುವುದು ಅಲ್ಲಿ ಬರೀ ಪದ್ಧತಿಯಲ್ಲ, ಯಾಜಕಕಾಂಡದ ಕಟ್ಟಳೆ. ಸಂಜೆ ಬಡಿದು ನೋಡಿದರೆ ಒಂದು ಏಫಾ, ಸುಮಾರು 22 ಲೀಟರ್ ಆಯಿತು. ಹಕ್ಕಲಿಗೆ ಅದು ಬಹಳ ಜಾಸ್ತಿ. ಬೋವಜ ಆಳುಗಳಿಗೆ ಬೇಕಂತಲೇ ತೆನೆ ಉದುರಿಸಲು ಹೇಳಿದ್ದ.

ಕಣದ ಹತ್ತಿರ ಸ್ವಲ್ಪ ನಿಲ್ಲೋಣ. ನಮ್ಮಜ್ಜನ ಕಣ ಊರ ಹೊರಗಿನ ದಿಬ್ಬದಲ್ಲಿತ್ತು. ನಡುವೆ ಮೇಟಿ, ಸುತ್ತ ಎತ್ತು. ತುಳಿಸಿದ ಮೇಲೆ ಗಾಳಿಗೆ ಕಾಯಬೇಕು. ಅಜ್ಜ ಒಂದು ಹಿಡಿ ಹೊಟ್ಟು ತೂರಿ ನೋಡುತ್ತಿದ್ದ. ಗಾಳಿ ಬರದಿದ್ದರೆ ಬೀಡಿ ಹಚ್ಚಿ ಕೂರುವುದು. ಬಂತು ಅಂದರೆ ರಾತ್ರಿಯಾದರೂ ಏಳುವುದು. ಬೇತ್ಲೆಹೇಮಿನ ಬೆಟ್ಟದಲ್ಲಿ ಬೇಸಿಗೆಯ ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಏರಿ ಬರುತ್ತೆ. ನೊವೊಮಿ ಸೊಸೆಗೆ, ‘ಬೋವಜ ಈ ರಾತ್ರಿ ಕಣದಲ್ಲಿ ಜವೆಗೋಧಿ ತೂರುತ್ತಾನೆ’ ಅಂತ ಹೇಳುತ್ತಾಳಲ್ಲ, ರಾತ್ರಿ ಯಾಕೆ ಅಂತ ನಗರದವರು ಕೇಳುತ್ತಾರೆ. ಗಾಳಿಗೋಸ್ಕರ. ತೂರಿ, ಉಂಡು, ರಾಶಿಯ ಪಕ್ಕದಲ್ಲೇ ಮಲಗುತ್ತಾನೆ. ರಾಶಿ ಬಿಟ್ಟು ಮನೆಗೆ ಹೋಗುವ ರೈತ ಯಾವ ದೇಶದಲ್ಲಿದ್ದಾನೆ?

ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ ಅಂತ ಮೋಶೆಯ ನಿಯಮ. ನಮ್ಮಜ್ಜ ಎತ್ತಿಗೆ ಬಾಯಿಕುಕ್ಕೆ ಹಾಕುತ್ತಿದ್ದ, ಆ ಮಟ್ಟಿಗೆ ಅವನು ಮೋಶೆಯ ಮಾತು ಕೇಳಿದವನಲ್ಲ. ಇನ್ನೊಂದು ವಿಷಯ. ದಾವೀದ ಅರೌನ ಎಂಬವನಿಂದ 50 ಶೆಕೆಲ್ ಬೆಳ್ಳಿಗೆ ಕಣವನ್ನೂ ಎತ್ತುಗಳನ್ನೂ ಕೊಂಡ. ಸೊಲೊಮೋನ ದೇವಾಲಯ ಕಟ್ಟಿದ್ದು ಆ ಕಣದ ಮೇಲೆ ಅಂತ ಪೂರ್ವಕಾಲವೃತ್ತಾಂತ ಹೇಳುತ್ತೆ. ಗಾಳಿ ಚೆನ್ನಾಗಿ ಬೀಸುವ ಎತ್ತರದ ಜಾಗ ಕಣಕ್ಕೂ ಬೇಕು, ಗುಡಿಗೂ ಬೇಕು.

ಜವೆಗೋಧಿ ಆದ ಮೇಲೆ ಗೋಧಿ, ಮೇ ಜೂನ್‌ನಲ್ಲಿ. ಈಗ ಮಳೆ ಬಂದರೆ ಕೆಟ್ಟಿತು. ಜನ ತಮಗೊಬ್ಬ ಅರಸ ಬೇಕು ಅಂತ ಹಟ ಹಿಡಿದು ಪಡೆದ ಮೇಲೆ, ಅದು ತಪ್ಪು ಅಂತ ತೋರಿಸಲು ಮುದುಕ ಸಮುವೇಲ, ‘ಇದು ಗೋಧಿ ಕೊಯ್ಲಿನ ಕಾಲವಲ್ಲವೇ? ದೇವರು ಗುಡುಗು ಮಳೆ ಕಳಿಸುವನು ನೋಡಿರಿ’ ಅನ್ನುತ್ತಾನೆ. ಮಳೆ ಬರುತ್ತೆ, ಜನ ಗಡಗಡ ನಡುಗುತ್ತಾರೆ. ಜೂನ್‌ನಲ್ಲಿ ಮಳೆ ಬಂದರೆ ನಾವು ಕೈಮುಗಿಯುತ್ತೇವೆ, ಇವರೇಕೆ ಹೆದರಿದರು ಅಂತ ನಾನು ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದೆ. ಬೇಸಿಗೆಯಲ್ಲಿ ಹಿಮ, ಕೊಯ್ಲಿನಲ್ಲಿ ಮಳೆ, ಮೂಢನಿಗೆ ಮಾನ, ಮೂರೂ ಸಲ್ಲದು ಅಂತ ಜ್ಞಾನೋಕ್ತಿ. ನಾನು ನನ್ನ ಕ್ಯಾಲೆಂಡರ್ ತಿರುಗಿಸಿಕೊಂಡದ್ದು ಈ ಒಂದು ಕಥೆಯಿಂದ.

ಗಿದ್ಯೋನನ ಕಥೆಯೂ ಇದೇ ಹೊತ್ತಿನದು. ಮಿದ್ಯಾನ್ಯರು ದೋಚುತ್ತಾರೆ ಅಂತ ಅವನು ಗೋಧಿಯನ್ನು ಬಯಲ ಕಣದಲ್ಲಿ ತುಳಿಸದೆ ದ್ರಾಕ್ಷಿ ಹಿಂಡುವ ತೊಟ್ಟಿಯೊಳಗೆ ಕೂತು ಬಡಿಯುತ್ತಿದ್ದ. ಯಾಕೆ ಆ ಜಾಗ? ದ್ರಾಕ್ಷಿ ಹಣ್ಣಾಗಲು ಇನ್ನೂ ಎರಡು ತಿಂಗಳಿದೆ. ತೊಟ್ಟಿ ಖಾಲಿ, ಯಾರೂ ಆ ಕಡೆ ನೋಡಲ್ಲ. ಆಮೇಲೆ ಅವನು ಉಣ್ಣೆಯ ತುಪ್ಪಟವನ್ನು ರಾತ್ರಿ ಹೊರಗಿಟ್ಟು ಬೆಳಿಗ್ಗೆ ಹಿಂಡಿದರೆ ಬಟ್ಟಲು ತುಂಬ ಇಬ್ಬನಿ. ಮಳೆಯಿಲ್ಲದ ಬೇಸಿಗೆಯಲ್ಲಿ ಸಮುದ್ರದ ತೇವ ರಾತ್ರಿ ಇಬ್ಬನಿಯಾಗಿ ಇಳಿಯುತ್ತೆ. ಬಳ್ಳಿಯಲ್ಲಿರುವ ದ್ರಾಕ್ಷಿಗೆ, ಸೌತೆಗೆ ಅದೇ ಆಸರೆ. ಎಲೀಯ ಶಾಪ ಹಾಕುವಾಗ ಮಳೆ ಇಲ್ಲ ಅಂದಷ್ಟೇ ಬಿಡಲಿಲ್ಲ, ‘ಮಂಜೂ ಇಲ್ಲ, ಮಳೆಯೂ ಇಲ್ಲ’ ಅಂದ. ಬಿಳಿಜೋಳ ಬೆಳೆಯುವ ನಮ್ಮ ಎರೆಹೊಲದವರಿಗೆ ಇದು ಅರ್ಥವಾಗುತ್ತೆ. ಹಿಂಗಾರಿ ಜೋಳವೂ ನೆಲದ ಹಸಿ ಮತ್ತು ಇಬ್ಬನಿ ನಂಬಿಯೇ ನಿಲ್ಲುವುದು. ಬೈಬಲಿನ ಬೇಸಾಯಕ್ಕೆ ನಮ್ಮಲ್ಲಿ ಹತ್ತಿರದ್ದು ಹುಡುಕಿದರೆ ಮುಂಗಾರಿನ ಭತ್ತ ಅಲ್ಲ, ಈ ಜೋಳ.

ದ್ರಾಕ್ಷಿ, ಅಂಜೂರ, ದಾಳಿಂಬೆ, ಖರ್ಜೂರ ಆಗಸ್ಟ್ ಸೆಪ್ಟೆಂಬರಿನವು. ಹಾಲೂ ಜೇನೂ ಹರಿಯುವ ನಾಡು ಅನ್ನುವಾಗ ಆ ಜೇನು ಖರ್ಜೂರದ ಪಾಕ ಅಂತ ಹಲವರು ಹೇಳುತ್ತಿದ್ದರು. 2007ರಲ್ಲಿ ತೆಲ್ ರೆಹೋವ್ ಎಂಬಲ್ಲಿ ಸುಮಾರು 3,000 ವರ್ಷದ ಹಿಂದಿನ ಮಣ್ಣಿನ ಜೇನುಗೂಡುಗಳು ಸಾಲಾಗಿ ಸಿಕ್ಕವು. ಹಾಗಾಗಿ ನಿಜವಾದ ಜೇನೂ ಇತ್ತು. ಖರ್ಜೂರದ ಬಗ್ಗೆ ಒಂದು ಮಾತು. ಮಸಾದ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷದ ಬೀಜವೊಂದನ್ನು 2005ರಲ್ಲಿ ನೆಟ್ಟರು. ಮೊಳೆಯಿತು. ಆ ಮರಕ್ಕೆ ಮೆತೂಷೆಲಹ ಅಂತ ಹೆಸರು, ಬೈಬಲಿನಲ್ಲಿ 969 ವರ್ಷ ಬದುಕಿದವನ ಹೆಸರು.

ಗೆಜೆರ್ ಹುಡುಗನ ಪಟ್ಟಿಯ ಕೊನೆಯ ತಿಂಗಳಿಗೆ ಬಂದೆವು. ಬೇಸಿಗೆ ಹಣ್ಣು, ಹೀಬ್ರೂವಿನಲ್ಲಿ ‘ಕಯಿಟ್ಸ್’. ಆಮೋಸ ಪ್ರವಾದಿಗೆ ದೇವರು ಒಂದು ಬುಟ್ಟಿ ತೋರಿಸಿ ಏನು ಕಾಣುತ್ತೆ ಅಂತ ಕೇಳುತ್ತಾನೆ. ‘ಕಯಿಟ್ಸ್’ ಅನ್ನುತ್ತಾನೆ ಆಮೋಸ. ‘ನನ್ನ ಜನಕ್ಕೆ ಕೇಟ್ಸ್ ಬಂದಿದೆ’ ಅನ್ನುತ್ತಾನೆ ದೇವರು. ಕೇಟ್ಸ್ ಅಂದರೆ ಅಂತ್ಯ. ಕನ್ನಡದಲ್ಲಿ ಓದಿದರೆ ಹಣ್ಣಿಗೂ ಅಂತ್ಯಕ್ಕೂ ಏನು ಸಂಬಂಧ ಅಂತಲೇ ತಿಳಿಯುವುದಿಲ್ಲ. ಆದರೆ ಆಮೋಸ ಅತ್ತಿಹಣ್ಣಿನ ಕೆಲಸ ಮಾಡುತ್ತಿದ್ದವನು, ಕುರಿ ಕಾಯುತ್ತಿದ್ದವನು. ಬುಟ್ಟಿಯಲ್ಲಿ ಬೇಸಿಗೆ ಹಣ್ಣು ಬಂತು ಅಂದರೆ ವರ್ಷ ಮುಗಿಯಿತು, ಇನ್ನು ಕೀಳಲು ಏನೂ ಉಳಿದಿಲ್ಲ ಅಂತ ಅವನಿಗೆ ಗೊತ್ತು.

ಗೆಜೆರಿನ ಕಲ್ಲಿನಲ್ಲಿ ಕೊನೆಯ ಸಾಲಿನಲ್ಲಿರುವುದೂ ಅದೇ ಪದ. ಅದಾದ ಮೇಲೆ ಕೆಳಗೆ, ಅಂಚಿನಲ್ಲಿ, ಬರೆದವನ ಹೆಸರಿರಬೇಕು. ‘ಅಬಿ’ ಅಂತ ಶುರುವಾಗುತ್ತೆ. ಅಬೀಯ ಇರಬಹುದು ಅನ್ನುತ್ತಾರೆ. ಕಲ್ಲು ಅಲ್ಲಿಗೆ ಮುರಿದಿದೆ.